ಹೆಸರೆತ್ತಬಾರದ ಗಡ್ಡೆ

ಐ.ಡಿ.ಹಳ್ಳಿ ಸುತ್ತಮುತ್ತ ಸೂಲಗಿತ್ತಿ ಮಾರಕ್ಕನ ಕೈಯಲ್ಲಿ ಹುಟ್ಟದವರು ಒಂದು ಕಾಲಕ್ಕೆ ಕಡಿಮೆ. ಹೆರಿಗೆ ತಡವಾದರೆ ಅವಳು ಅಕ್ಕತಂಗಿ ಗಡ್ಡೆಯನ್ನು ಅರೆದು ಬಸುರಿಯ ಅಂಗಾಲಿಗೆ ಹಚ್ಚುತ್ತಿದ್ದಳು. ಮಗು ಅತ್ತ ಕೂಡಲೇ ಒದ್ದೆ ಬಟ್ಟೆಯಿಂದ ಅದನ್ನು ಒರೆಸಿ ತೆಗೆಯಬೇಕು, ಇಲ್ಲದಿದ್ದರೆ ಮಗುವಿನ ಹಿಂದೆ ಕರುಳೂ ಜಾರಿ ಬರುತ್ತದೆ ಎಂದು ಅವಳ ನಂಬಿಕೆ. ಒದ್ದೆ ಬಟ್ಟೆ ಹಿಡಿದು ನಿಂತವಳು ಆಕಡೆ ಈಕಡೆ ನೋಡಿದರೆ ಮಾರಕ್ಕನಿಂದ ಬೈಗುಳ ತಪ್ಪುತ್ತಿರಲಿಲ್ಲ.

ಈಗ ಹೆರಿಗೆಗೆ ಆಂಬುಲೆನ್ಸ್ ಬರುತ್ತದೆ. ಮಾರಕ್ಕನಿಗೆ ಅದರಲ್ಲಿ ಹೊಟ್ಟೆಕಿಚ್ಚಿಲ್ಲ. ಏಳು ತಿಂಗಳ ಬಸುರಿ ಸೊಸೆ ಅಶ್ವಿನಿಯನ್ನು ಅವಳೇ ಮಧುಗಿರಿಗೆ ಕರೆದೊಯ್ದು ಡಾಕ್ಟರಿಗೆ ತೋರಿಸುತ್ತಾಳೆ. ಗಡ್ಡೆಯನ್ನು ಮಾತ್ರ ಬಿಟ್ಟಿಲ್ಲ, ಮಂಡಿನೋವಿನ ಎಣ್ಣೆಗೆ ಅದು ಬೇಕೇ ಬೇಕು.

ಬೇಲಿಗೆ ಹಬ್ಬುವ ಈ ಬಳ್ಳಿಯ ಕೆಂಡದ ಬಣ್ಣದ ಹೂವನ್ನು ಗೌರಿ ಹಬ್ಬಕ್ಕೆ ದೇವಿಗೆ ಮುಡಿಸುತ್ತಾರೆ. ಮಣ್ಣಿನೊಳಗಿನ ಗಡ್ಡೆಗೆ ಎರಡು ಕವಲು, ಒಂದು ಅಕ್ಕ, ಇನ್ನೊಂದು ತಂಗಿ. ಅಗೆಯುವವರು ತಂಗಿಯನ್ನು ಮುರಿದುಕೊಂಡು ಅಕ್ಕನನ್ನು ಅಲ್ಲೇ ಮುಚ್ಚಿ ಬರಬೇಕು. ಆಮೇಲೆ ಮನೆಯೊಳಗೆ ಅದರ ಹೆಸರೆತ್ತಬಾರದು. ಎತ್ತಿದರೆ ಅಕ್ಕ ತಂಗಿಯನ್ನು ಹುಡುಕಿಕೊಂಡು ಬರುತ್ತಾಳೆ, ಬಂದವಳು ಆ ಮನೆಯ ಹೆಣ್ಣೊಂದನ್ನು ಕರೆದುಕೊಂಡೇ ಹೋಗುತ್ತಾಳೆ. ಯಾರ ಮನೆಯ ಗುಟ್ಟೂ ನಿಲ್ಲದ ಮಾರಕ್ಕನ ಬಾಯಿ ಇದೊಂದರಲ್ಲಿ ಹೊಲಿದ ಹಾಗಿತ್ತು.

ಗಡ್ಡೆಯ ಕಾವು ಇಳಿಯಲೆಂದು ಅದನ್ನು ಹೆಚ್ಚಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಮಜ್ಜಿಗೆಯ ಮಡಕೆಯಲ್ಲಿ ಮುಳುಗಿಸಿಡುತ್ತಾರೆ. ದಿನವೂ ಹಳೇ ಮಜ್ಜಿಗೆ ಚೆಲ್ಲಿ ಹೊಸದು ಹಾಕಬೇಕು. ಚೆಲ್ಲುವ ಮಜ್ಜಿಗೆ ಬರೀ ವಿಷ. ಮಡಕೆ ಮೇಕೆ ಕೊಟ್ಟಿಗೆಯ ಮೂಲೆಯಲ್ಲಿರುತ್ತಿತ್ತು. ಸೊಸೆಗೆ ಅವಳು ಹೇಳಿದ್ದು ಇಷ್ಟೇ: "ಆ ಮೂಲೆಗೆ ಹೋಗ್ಬ್ಯಾಡ ಕಣವ್ವ."

ಅವತ್ತು ಬೆಳಿಗ್ಗೆ ಮೇಕೆ ಅದೇ ಮೂಲೆಯಲ್ಲಿ ಮರಿ ಹಾಕಿತು. ಮಾರಕ್ಕ ಹೊಲದಲ್ಲಿದ್ದಳು. ಮೇಕೆ ಒದ್ದು ಮಡಕೆ ಉರುಳೀತೆಂದು ಅಶ್ವಿನಿ ಅದನ್ನು ತಂದು ಅಡುಗೆಮನೆಯಲ್ಲಿಟ್ಟಳು. ಮಧ್ಯಾಹ್ನ ಮೇಕೆ ವ್ಯಾಪಾರದ ಫಕ್ರುದ್ದೀನ್ ಸಾಬರು ಶಿರಾದಿಂದ ಬೈಕಿನಲ್ಲಿ ಬಂದರು, ಬೆವರಿ ನೀರಾಗಿದ್ದರು. ಬಿಸಿಲಲ್ಲಿ ಬಂದವರಿಗೆ ಬರೀ ನೀರು ಕೊಟ್ಟು ಕಳಿಸುವ ಮನೆಯೇ ಅದು? ಆಗಷ್ಟೇ ಹೊಲದಿಂದ ಬಂದು ಜಗಲಿಯಲ್ಲಿ ಕೂತಿದ್ದ ಮಾರಕ್ಕನೇ ಒಳಕ್ಕೆ ಕೂಗಿದಳು, "ಸಾಬ್ರಿಗೆ ಮಜ್ಜಿಗೆ ತಾರವ್ವ."

ಸಾಬರು ಒಂದು ಚೊಂಬು ಕುಡಿದು, "ಹುಳಿ ಜೋರೈತೆ, ಬೇಟಿ" ಎಂದು ನಕ್ಕು ಹೊರಟರು.

ಸಂಜೆ ಮಜ್ಜಿಗೆ ಬದಲಿಸಲು ಕೊಟ್ಟಿಗೆಗೆ ಹೋದ ಮಾರಕ್ಕನಿಗೆ ಮಡಕೆ ಕಾಣಲಿಲ್ಲ. ಅಡುಗೆಮನೆಗೆ ಓಡಿದಳು. ಮಡಕೆಯ ತಳದಲ್ಲಿ ಗಂಟು ಮಾತ್ರ ಉಳಿದಿತ್ತು.

"ಸಾಬ್ರಿಗೆ ಇದ್ರಲ್ಲಿದ್ದಿದ್ನೇ ಕೊಟ್ಯೇನೆ?"

"ಊಂ ಅತ್ತೆ. ಯಾಕೆ?"

ಮಾರಕ್ಕ ಸಾಬರಿಗೆ ಫೋನ್ ಹಚ್ಚಿದಳು. ಎತ್ತಿದ್ದು ಸಾಬರ ಮಗ ವಾಸಿಫ್. ಅಬ್ಬಾಗೆ ವಾಂತಿ ನಿಲ್ತಿಲ್ಲ, ಆಸ್ಪತ್ರೆಗೆ ಬಂದಿದೀವಿ ಎಂದ. "ಏನ್ ತಿಂದ್ರು ಅಂತ ಡಾಕ್ಟರ್ ಕೇಳ್ತಾವ್ರೆ. ನಿಮ್ಮನೇಲಿ ಏನ್ ಕೊಟ್ರಿ ಅಮ್ಮಾ?"

ಎದುರಿಗೆ ಹೊಟ್ಟೆ ಹೊತ್ತು ನಿಂತ ಸೊಸೆ. ಹೆಸರೆತ್ತಿದರೆ ಅಕ್ಕ ಬರುವುದು ಈ ಹೆಣ್ಣಿಗಾಗಿಯೇ. ಹೇಳದಿದ್ದರೆ ಸಾಬರು ಉಳಿಯುವುದಿಲ್ಲ. ಫೋನಿನಲ್ಲಿ ವಾಸಿಫ್ ಅಳುತ್ತಿದ್ದ.

"ಅಕ್ಕತಂಗಿ ಗಡ್ಡೆ," ಎಂದಳು ಮಾರಕ್ಕ. "ಗೌರಿ ಹೂವಿನ ಬಳ್ಳಿ ಇಲ್ವಾ, ಅದ್ರ ಗಡ್ಡೆ ನೆನೆಸಿದ್ ಮಜ್ಜಿಗೆ. ವಿಷ ಕಣಪ್ಪ ಅದು, ಡಾಕ್ಟರ್ಗೆ ಬಿರ್ರನೆ ಹೇಳು."

ಫೋನ್ ಇಟ್ಟು ತಿರುಗಿದಾಗ ಅಶ್ವಿನಿ ಗೋಡೆ ಹಿಡಿದುಕೊಂಡು ನಿಂತಿದ್ದಳು.

"ಅತ್ತೆ, ಮಿಕ್ಕಿದ್ದು ನಾನು ಊಟಕ್ಕೆ ಹಾಕ್ಕೊಂಡ್ಬುಟ್ಟೆ. ಬಾಯಿಗೆ ಹುಳಿ ಬೇಕು ಅನ್ನಿಸ್ತಿತ್ತು."

ಅಶ್ವಿನಿ ಅದನ್ನು ಉಣ್ಣುವ ಹೊತ್ತಿಗೆ ಅಕ್ಕನನ್ನು ಯಾರೂ ಹೆಸರು ಹಿಡಿದು ಕರೆದಿರಲಿಲ್ಲ. ಒಂದೇ ಒಂದು ಸಲ ಆ ಹೆಸರು ಹೇಳಿ ಇದು ವಿಷ ಎಂದಿದ್ದರೆ ಈ ಹುಡುಗಿ ಮಡಕೆಯನ್ನು ಮುಟ್ಟುತ್ತಿದ್ದಳೇ? ಮಾರಕ್ಕ ಎದೆ ಎದೆ ಬಡಿದುಕೊಂಡಳು. ಬೀದಿಗೆ ಓಡಿ ಆ ಹೆಸರನ್ನು ಕೂಗಿ ಕೂಗಿ ಹೇಳಿದಳು. ಪಕ್ಕದ ಮನೆಯವರು ಆಂಬುಲೆನ್ಸ್ ಕರೆದರು. ಅದರಲ್ಲಿ ಬಂದ ನರ್ಸಿಗೂ ಹೇಳಿದಳು, ಡ್ರೈವರಿಗೂ ಹೇಳಿದಳು.

ಮಧುಗಿರಿ ಬೆಟ್ಟ ಕಾಣುವ ಹೊತ್ತಿಗೆ ಅಶ್ವಿನಿಗೆ ಹೊಟ್ಟೆ ಹಿಂಡತೊಡಗಿತು. ಅತ್ತೆಯ ಕೈ ಹಿಡಿದುಕೊಂಡು ಕೇಳಿದಳು, "ಅತ್ತೆ, ನೀವು ಹೆರಿಗೆ ಬೇಗ ಆಗ್ಲಿ ಅಂತ ಕಾಲಿಗೆ ಹಚ್ತಿದ್ದಿದ್ದು ಇದ್ನೇನಾ? ನಂಗಿನ್ನೂ ಏಳೇ ತಿಂಗ್ಳಲ್ವಾ?"

ಮಾರಕ್ಕ ಬಾಟಲಿಯ ನೀರಿನಲ್ಲಿ ಸೆರಗು ಅದ್ದಿದಳು. ಏನೂ ಹಚ್ಚಿರದ ಆ ಅಂಗಾಲುಗಳನ್ನು ಆಸ್ಪತ್ರೆ ಬರುವವರೆಗೂ ಒರೆಸುತ್ತಲೇ ಇದ್ದಳು.