ಬೀಗರ ವಿಮಾನ, ನನ್ನ ನೀಲಿ ಗಾಜು

ಮಗಳ ಮದುವೆಯ ಎರಡನೆಯ ದಿನ, ಸೇಡಂನ ಕಲ್ಯಾಣ ಮಂಟಪದಲ್ಲಿ ಸುಸಲಾ, ಮಿರ್ಚಿ ಭಜಿ ಬಡಿಸುತ್ತಿದ್ದ ಹೊತ್ತಿನಲ್ಲಿ, ನನ್ನ ಬೀಗರು ಪಂಕ್ತಿಗೆಲ್ಲ ಕೇಳುವಂತೆ ಆಡಿದ ಮಾತು ಇದು: "ನಮ್ಮ ಬೀಗ್ರು ಜನ್ಮಪೂರ್ತಿ ಒಲಿ ಮುಂದ ಕುಂತವರು. ಕುಂತಲ್ಲಿಂದ ಒಂದು ಮಾರು ಸೈತ ಹೋದವರಲ್ಲ." ಹನ್ನೊಂದು ಜನ ನಕ್ಕರು. ಅವರಲ್ಲಿ ವಿಡಿಯೊ ತೆಗೆಯುವವನೂ ಒಬ್ಬನೆಂಬುದಕ್ಕೆ ಪುರಾವೆಯಿದೆ. ಆ ಭಾಗದಲ್ಲಿ ಚಿತ್ರ ಅಲುಗಾಡುತ್ತದೆ.

ಬೀಗರು ವಾಡಿಯಲ್ಲಿ ನೆಲೆಸಿದ ನಿವೃತ್ತ ರೈಲು ಡ್ರೈವರ್. ನಾನು ಸಿಮೆಂಟ್ ಕಾರ್ಖಾನೆಯೊಂದರಲ್ಲಿ ಕಿಲ್ನ್ ನಡೆಸಿದವನು. ಕಿಲ್ನ್ ಎಂದರೆ ಒಲೆಯಲ್ಲ. ಸುಣ್ಣದ ಕಲ್ಲನ್ನು ಸುಡುತ್ತ ಹಗಲಿರುಳು ತಿರುಗುವ, ಓಣಿಯಷ್ಟು ಉದ್ದದ ಉಕ್ಕಿನ ಕೊಳವೆ. ಅದರೊಳಗಿನ ಜ್ವಾಲೆಯನ್ನು ನೀಲಿ ಗಾಜಿನ ಮೂಲಕ ನೋಡಿ, ಬಣ್ಣದಿಂದಲೇ ಅದರ ಆರೋಗ್ಯ ಹೇಳುವುದು ನನ್ನ ವೃತ್ತಿಯಾಗಿತ್ತು. ಈ ವಿವರಣೆಯನ್ನು ಅಂದೇ ಕೊಡಲು ಎದ್ದು ನಿಂತೆ. ನಾನು ಉಪ್ಪು ಕೇಳುತ್ತಿದ್ದೇನೆಂದು ತಿಳಿದು ಬಡಿಸುವವರು ಉಪ್ಪು ತಂದರು.

ಆರು ವರ್ಷ ಆ ಮಾತು ಹಾಗೆಯೇ ಉಳಿಯಿತು. ಕಳೆದ ವರ್ಷ ಅಳಿಯ ಹೊಸ ಲ್ಯಾಪ್‌ಟಾಪ್ ಕೊಂಡು, ಹಳೆಯ ಕಂಪ್ಯೂಟರನ್ನೂ ಅದರ ಜಾಯ್‌ಸ್ಟಿಕ್ಕನ್ನೂ ನಮ್ಮ ಮನೆಯಲ್ಲಿ ಇಟ್ಟುಹೋದ. ಅದರಲ್ಲಿ ವಿಮಾನ ಹಾರಿಸುವ ತಂತ್ರಾಂಶವಿತ್ತು. ಯುದ್ಧವಿಮಾನವೊಂದರ ವಿವರಣೆ ಓದುವಾಗ ಆಫ್ಟರ್‌ಬರ್ನರ್ ಎಂಬುದು ಸಿಕ್ಕಿತು: ಇಂಜಿನ್ನಿನಿಂದ ಹೊರಬೀಳುವ ಬಿಸಿ ಗಾಳಿಗೆ ಮತ್ತೆ ಇಂಧನ ಸುರಿದು, ಬಾಲದಲ್ಲಿ ಬೆಂಕಿ ಹೊತ್ತಿಸಿ, ವಿಮಾನವನ್ನು ಶಬ್ದಕ್ಕಿಂತ ವೇಗವಾಗಿ ಓಡಿಸುವ ಏರ್ಪಾಡು. ಎರಡು ಸಲ ಓದಿದೆ. ಇದು ನನ್ನ ವೃತ್ತಿ. ಯಾವ ರೈಲೂ ಇದರ ಹತ್ತಿರ ಸುಳಿಯಲಾರದು.

ಬೀಗರಿಗೆ ಹೇಳಿಕಳಿಸಿದೆ. ಕಲಬುರಗಿಯ ವಿಮಾನ ನಿಲ್ದಾಣದಿಂದ ಎದ್ದು, ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ದಾಟಿ, ಅವರು ಒಂದು ಕಪ್ ಚಹಾ ಮುಗಿಸುವುದರೊಳಗೆ ಚಿಂಚೋಳಿ ಮುಟ್ಟುತ್ತೇನೆ. ಮುಟ್ಟಿದರೆ ಮದುವೆಯ ಮಾತನ್ನು ಮಗಳ ಎದುರಿಗೆ ಹಿಂತೆಗೆದುಕೊಳ್ಳಬೇಕು. ಅವರು ಒಪ್ಪಿ, ಭಾನುವಾರ ಮುಂಜಾನೆ ಸೊಸೆಯನ್ನು, ಅಂದರೆ ನನ್ನ ಮಗಳನ್ನು, ಕರೆದುಕೊಂಡು ಬಂದರು. ನೌಕರಿಯ ಕಾಲದ ಕೈಗಡಿಯಾರ ಕಟ್ಟಿಕೊಂಡಿದ್ದರು. ಅದನ್ನು ಗಮನಿಸಿದೆ.

ಕಿಲ್ನನ್ನು ತಣ್ಣಗಿರುವಾಗ ಓಡಿಸಬಾರದು. ಮೊದಲು ನಿಧಾನವಾಗಿ ಕಾಯಿಸಬೇಕು, ಇಲ್ಲವಾದರೆ ಒಳಗಿನ ಇಟ್ಟಿಗೆ ಉದುರುತ್ತದೆ. ಆದ್ದರಿಂದ ರನ್‌ವೇಯಲ್ಲಿ ಬ್ರೇಕ್ ಹಾಕಿ, ಆಫ್ಟರ್‌ಬರ್ನರ್ ಹೊತ್ತಿಸಿ, ವಿಮಾನವನ್ನು ಹಿಂದಿನಿಂದ ತೋರಿಸುವ ನೋಟಕ್ಕೆ ಬದಲಿಸಿ, ನೀಲಿ ಗಾಜನ್ನು ಕಣ್ಣಿಗೆ ಹಿಡಿದು ಪರದೆಯ ಮುಂದೆ ಕುಳಿತೆ. ಜ್ವಾಲೆಯ ಬುಡ ಚೆನ್ನಾಗಿತ್ತು. ತುದಿ ಸ್ವಲ್ಪ ಹಳದಿ. ಬೀಗರು ಯಾವಾಗ ಹೊರಡುವುದೆಂದು ಕೇಳಿದರು.

"ಇನ್ನಾ ಕಾಯ್ದಿಲ್ರಿ," ಎಂದೆ.

ತುದಿ ಬೆಳ್ಳಗಾಗುವ ಹೊತ್ತಿಗೆ ಜ್ವಾಲೆ ಆರಿತು. ಟ್ಯಾಂಕು ಬರಿದಾಗಿತ್ತು. ಆಫ್ಟರ್‌ಬರ್ನರ್ ಎಷ್ಟು ಎಣ್ಣೆ ಕುಡಿಯುತ್ತದೆಂಬುದನ್ನು ವಿವರಣೆಯ ಮುಂದಿನ ಪುಟದಲ್ಲಿ ಬರೆದಿದ್ದರಂತೆ. ಮುಖ್ಯ ಸಂಗತಿಯನ್ನು ಮುಂದಿನ ಪುಟಕ್ಕೆ ತಳ್ಳುವುದು ಯಾವ ಶಿಸ್ತು?

ಬೀಗರು ಚಹಾದ ಖಾಲಿ ಕಪ್ ಕೆಳಗಿಟ್ಟರು. "ಒಂದು ಮಾರು ಸೈತ ಹೋಗಲಿಲ್ಲಲ್ರಿ, ಬೀಗ್ರ."

ಮಗಳು ಕಿಟಕಿಯ ಕಡೆ ತಿರುಗಿದಳು. ಅವಳ ಭುಜ ಅಲುಗುತ್ತಿತ್ತು. ನಕ್ಕವರು ಈಗ ಹನ್ನೆರಡು.

ಬಳಿಕ ಬೀಗರೇ ಕುರ್ಚಿ ಹಿಡಿದರು. ಮಗಳು ಟ್ಯಾಂಕು ತುಂಬಿಸಿಕೊಟ್ಟಳು. ಜಾಯ್‌ಸ್ಟಿಕ್ ಅವರ ಕೈಯಲ್ಲಿತ್ತು; ಆಫ್ಟರ್‌ಬರ್ನರಿನ ಗುಂಡಿಯಿರುವ ಕೀಬೋರ್ಡು ನನ್ನ ತೊಡೆಯ ಮೇಲಿತ್ತು. ಅವರು ರೈಲು ಹಳಿಯನ್ನೇ ಹಿಡಿದು, ತಗ್ಗಿನಲ್ಲಿ ಸಾಗಿದರು. ವಾಡಿ ಜಂಕ್ಷನ್ ಬಂದೊಡನೆ ವೇಗ ಇಳಿಸಿದರು. ಆಕಾಶದಲ್ಲಿ ಜಂಕ್ಷನ್ ಎಲ್ಲಿದೆ ಎಂದು ಕೇಳಿದ್ದಕ್ಕೆ, ಸಿಗ್ನಲ್ ಕಾಣದಿದ್ದಾಗ ನಿಧಾನ ಹೋಗಬೇಕೆಂಬುದು ನಿಯಮ ಎಂದರು. ಸೇಡಂ ಹತ್ತಿರದ ಕೋಡ್ಲಾದ ಮೇಲೆ ಬಂದರೆ ಅಲ್ಲಿ ನಮ್ಮ ಕಾರ್ಖಾನೆಯೇ ಇರಲಿಲ್ಲ, ಬರೀ ಹೊಲ. ಈ ಕುರಿತು ತಂತ್ರಾಂಶದವರಿಗೆ ಪತ್ರ ಬರೆದಿದ್ದೇನೆ, ಉತ್ತರ ಬಂದಿಲ್ಲ.

ಚಿಂಚೋಳಿಯ ಗುಡ್ಡ ಎದುರಾಯಿತು. ಬೀಗರು ಜಾಯ್‌ಸ್ಟಿಕ್ಕನ್ನು ಹೊಟ್ಟೆಯವರೆಗೆ ಎಳೆದರೂ ಆ ವೇಗದಲ್ಲಿ ವಿಮಾನ ಮೇಲೇಳಲಿಲ್ಲ.

"ಬೀಗ್ರ, ಒಲಿ ಹಚ್ಚರಿ."

ಬೆರಳನ್ನು ಗುಂಡಿಯ ಮೇಲಿಟ್ಟೆ, ಒತ್ತಲಿಲ್ಲ. ಅದು ಒಲೆಯಲ್ಲವೆಂದೂ, ಮೊದಲು ಮದುವೆಯ ಮಾತು ಇತ್ಯರ್ಥವಾಗಬೇಕೆಂದೂ ತಿಳಿಸಿದೆ.

"ಗುಡ್ಡ ಬಂತ್ರಿ."

"ಮಾತು ಪೂರ್ತಿ ಬರ್ಲಿ. ಮಗಳು ಕೇಳಾಕತ್ತಾಳ."

"ಮದಿವ್ಯಾಗ ನಾ ಅಂದದ್ದು ತಪ್ಪಾತು. ನೀವು ಬೆಂಕಿ ನಡಿಸಿದವರು. ನೀವು ಇಲ್ಲಂದ್ರ ನನ್ನ ಗಾಡಿ ಮುಂದ ಹೋಗಂಗಿಲ್ಲ. ಈಗರೆ ಹಚ್ಚರಿ."

ಹಚ್ಚಿದೆ. ಜ್ವಾಲೆ ಸರಿಯಿದೆಯೇ ಎಂದು ಪರೀಕ್ಷಿಸಲು ಹಿಂದಿನಿಂದ ತೋರಿಸುವ ನೋಟಕ್ಕೆ ಬದಲಿಸಿದೆ. ಬುಡದಿಂದ ತುದಿಯವರೆಗೆ ಒಂದೇ ಬಿಳುಪು; ನನ್ನ ಇಡೀ ಸೇವೆಯಲ್ಲಿ ಅಂಥದ್ದನ್ನು ಕಂಡಿಲ್ಲ. ಪರದೆ ತುಂಬ ಅದೇ ಇದ್ದುದರಿಂದ ಮುಂದೆ ಏನಿದೆಯೆಂಬುದು ಇಬ್ಬರಿಗೂ ಕಾಣಲಿಲ್ಲ. ಪೂರ್ಣ ವೇಗದಲ್ಲಿ ಗುಡ್ಡ ಮುಟ್ಟಿದೆವು.

ಬೀಗರು ಜಾಯ್‌ಸ್ಟಿಕ್ ಬಿಟ್ಟು ಕೈಗಡಿಯಾರ ನೋಡಿದರು. ತಮ್ಮ ಸೇವೆಯಲ್ಲಿ ಒಂದು ದನಕ್ಕೂ ಗಾಡಿ ತಾಗಿಸಿರಲಿಲ್ಲವೆಂದರು. ಅದನ್ನು ನಂಬುತ್ತೇನೆ. ಮಾತು ಹಿಂದಕ್ಕೆ ಬಂದಿತ್ತಾದ್ದರಿಂದ ನಾನೇ ಒಳಗೆ ಹೋಗಿ ಅವರಿಗೆ ಎರಡನೆಯ ಚಹಾ ತಂದೆ.

ಹೊರಡುವಾಗ ಅವರು ನೀಲಿ ಗಾಜನ್ನು ಕೇಳಿ ಪಡೆದು, ಅಂಗಳದ ಫರಸಿ ಕಲ್ಲಿನ ಮೇಲೆ ನಿಂತು, ನಡುಮಧ್ಯಾಹ್ನದ ಸೂರ್ಯನ ಕಡೆ ಹಿಡಿದರು.

"ಇನ್ನಾ ಕಾಯ್ದಿಲ್ರಿ, ಬೀಗ್ರ."

ಮಗಳು ಈ ಸಲ ನಗಲು ಮುಖ ತಿರುಗಿಸಲೂ ಇಲ್ಲ.