ಫಾರಂನಲ್ಲಿ ನಾನು ಬರೆಯದೇ ಬಿಟ್ಟಿದ್ದು

ಯುಗಾದಿ ಕಳೆದು ಒಂದು ವಾರವಾಗಿತ್ತು. ಆ ವರ್ಷದ ಕಾಫಿಯೆಲ್ಲ ಮೂಟೆಯಾಗಿ ಕ್ಯೂರಿಂಗ್ ಕಾರ್ಖಾನೆಗೆ ಹೋಗಿತ್ತು. ಮನೆ ಮುಂದಿನ ಕಣ ಗುಡಿಸಿ ಖಾಲಿ ಬಿದ್ದಿತ್ತು. ಆ ಖಾಲಿ ಕಣದಲ್ಲಿ ಪದ್ದಕ್ಕ ಬರಿಗಾಲಲ್ಲಿ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ, ಪಾದ ಎತ್ತದೆ ಎಳೆದುಕೊಂಡು ನಡೆಯುತ್ತಿದ್ದರು.

ನಾನು ಅಡುಗೆಮನೆ ಕಿಟಕಿಯಿಂದ ನೋಡಿದೆ. ಶುಗರಿನ ಡಾಕ್ಟರು ದಿನಾ ವಾಕಿಂಗ್ ಮಾಡಿ ಅಂದಿದ್ದರಲ್ಲ, ಸದ್ಯ ಈಗಲಾದರೂ ಬುದ್ಧಿ ಬಂತು ಅಂದುಕೊಂಡೆ. ಮೂರು ವಾರ ಹಾಗೇ ಅಂದುಕೊಂಡೆ.

ಕಾಫಿ ಒಣಗಿಸುವ ಮನೆಯಲ್ಲಿ ಮೂವತ್ತೊಂದು ವರ್ಷ ಬಾಳಿದವಳು ನಾನು. ಕಣದಲ್ಲಿ ಹರಡಿದ ಕಾಫಿಯನ್ನು ಆಗಾಗ ತಿರುವಬೇಕು, ಇಲ್ಲದಿದ್ದರೆ ಅಡಿಯದು ಮುಗ್ಗುತ್ತದೆ. ಕೆಲವರು ಹಲಗೆ ಹೊಡೆದ ಕೋಲಿನಲ್ಲಿ ತಿರುವುತ್ತಾರೆ. ಪದ್ದಕ್ಕನಿಗೆ ಕೋಲು ಆಗದು, ಕಾಲೇ ಬೇಕು. ಪಾದವನ್ನು ನೆಲಕ್ಕೆ ಒತ್ತಿ ಎಳೆಯುತ್ತಾ ಹೋದರೆ ಹಿಂದೆ ಉತ್ತ ಗದ್ದೆಯಂತೆ ಸಾಲು ಬೀಳುತ್ತಿತ್ತು. ಆ ನಡಿಗೆಯನ್ನು ನಾನು ಸಾವಿರ ಸಲ ನೋಡಿದ್ದೇನೆ. ಆದರೂ ಅವರು ಇಲ್ಲದ ಕಾಫಿಯನ್ನು ತಿರುವುತ್ತಿದ್ದಾರೆ ಎಂದು ಹೊಳೆಯಲಿಲ್ಲ.

ಒಂದು ಮಧ್ಯಾಹ್ನ ಗುಡುಗಿ ನಾಲ್ಕು ಹನಿ ಬಿತ್ತು. ಅಕ್ಕ ಅಂಗಳದಿಂದ ಕೂಗಿದರು.

"ಮಾರಾಯ್ತಿ, ಟಾರ್ಪಾಲ್ ತಾ. ಕಾಫಿ ನೆನೀತದೆ."

"ಎಂತ ಕಾಫಿ ಅಕ್ಕ?"

"ಕಣ್ಣು ಕಾಣೋದಿಲ್ವಾ ನಿಂಗೆ?"

ನನಗೆ ಕಣ್ಣು ಕಾಣುತ್ತಿರಲಿಲ್ಲ, ನಿಜ.

ಪದ್ದಕ್ಕ ನನ್ನ ವಾರಗಿತ್ತಿ. ನಮ್ಮ ಯಜಮಾನರ ಅಣ್ಣನ ಹೆಂಡತಿ. ಭಾವ ಹೋಗಿ ಹದಿನಾಲ್ಕು ವರ್ಷವಾಯಿತು, ಮಕ್ಕಳಿಲ್ಲ. ಬಾಳೂರಿನ ಹತ್ತಿರ ನಮ್ಮದು ನಾಲ್ಕು ಎಕರೆ ತೋಟ, ಒಂದೇ ಒಲೆ, ಎರಡು ನಾಲಿಗೆ. ನಾವಿಬ್ಬರೂ ಜಗಳವಾಡದ ವಾರ ಇರಲಿಲ್ಲ. ಮದುವೆಯಾಗಿ ಬಂದ ಮೊದಲ ವಾರ ನಾನು ಕಾಫಿ ಹರಡಿದ ಕಣದೊಳಗೆ ಚಪ್ಪಲಿ ಹಾಕಿಕೊಂಡು ಹೋದೆ. ಆಳುಗಳೆಲ್ಲ ನೋಡುತ್ತಿರುವಾಗಲೇ ಅಕ್ಕ ಗದರಿದರು: "ಚಪ್ಪಲಿ ಬಿಡು. ಉಣ್ಣೋ ಅನ್ನದ ಮೇಲೆ ನಡೀತೀಯಾ?" ಒಂದು ತಿಂಗಳು ನಾನು ಅವರ ಜೊತೆ ಮಾತು ಬಿಟ್ಟಿದ್ದೆ. ಮೂವತ್ತು ವರ್ಷವಾದರೂ ಅದನ್ನು ಮರೆತಿರಲಿಲ್ಲ.

ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಎಂಆರ್‌ಐ ಮಾಡಿಸಿದೆವು. ನ್ಯೂರಾಲಜಿಸ್ಟ್ ಸಣ್ಣ ವಯಸ್ಸಿನವರು, ಒಳ್ಳೆಯ ಮಾತು. ಇವತ್ತು ಯಾವ ವಾರ ಎಂದು ಕೇಳಿದರು. ಅಕ್ಕ ಅವರನ್ನೇ ಮೇಲಿಂದ ಕೆಳಗೆ ನೋಡಿ, "ನೀವು ಯಾವೂರ ಪೈಕಿ?" ಎಂದು ತಿರುಗಿ ಕೇಳಿದರು. ನನಗೆ ನಗು ಬಂತು. ಡಾಕ್ಟರಿಗೆ ಬರಲಿಲ್ಲ.

"ಇದು ಡಿಮೆನ್ಷಿಯಾ. ವಾಸಿ ಆಗೋದಲ್ಲ. ಮನೇಲಿ ನೋಡ್ಕೊಳ್ಳೋಕೆ ಯಾರಿದ್ದೀರಿ?"

"ನಾನಿದ್ದೀನಿ."

"ಮತ್ತೆ?"

"ನಾನೇ."

ಆ ಮಾತು ಹೇಳುವಾಗ ನನಗೆ ಸ್ವಲ್ಪ ಜಂಬವಿತ್ತು. ಒಂದೂವರೆ ವರ್ಷದಲ್ಲಿ ಅದೆಲ್ಲ ಇಳಿಯಿತು. ಯಜಮಾನರು ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಪ್ಲೇಟ್ ಹಾಕಿ ಮಲಗಿಸಿದರು. ಒಂದು ಕೋಣೆಯಲ್ಲಿ ಅವರಿಗೆ ಬೆಡ್‌ಪ್ಯಾನ್. ಇನ್ನೊಂದು ಕೋಣೆಯಲ್ಲಿ ಅಕ್ಕ ಸೀರೆ ಬಿಚ್ಚಿ ಎಸೆಯುತ್ತಿದ್ದರು. ಕಣ್ಣು ತಪ್ಪಿಸಿದರೆ ಗೇಟು ದಾಟಿ ರಸ್ತೆಗೆ. ಎರಡು ಸಲ ಜೀಪಿನವರು ಕರೆದುಕೊಂಡು ಬಂದು ಬಿಟ್ಟರು. ಮಗಳಿಗೆ ಫೋನ್ ಮಾಡಿ ಬಾ ಅನ್ನೋಣವೆಂದರೆ ಅವಳ ಮಡಿಲಲ್ಲಿ ಎರಡು ತಿಂಗಳ ಕೂಸು.

ನಾಲ್ಕು ದಿನ ಸ್ನಾನವಿಲ್ಲದ ಒಂದು ಬೆಳಿಗ್ಗೆ, ಬಚ್ಚಲಲ್ಲಿ ಅಕ್ಕ ನನ್ನ ಜಡೆ ಹಿಡಿದು ಜಗ್ಗಿದರು. ಬಿಡಿಸಿಕೊಳ್ಳಲು ಆಗಲಿಲ್ಲ.

ನಾನು ಅವರ ಕೆನ್ನೆಗೆ ಹೊಡೆದೆ.

ಅವರು ಅಳಲಿಲ್ಲ. ತಂಬಿಗೆ ಹಿಡಿದುಕೊಂಡೇ ನಿಂತು, "ನಾನೇನು ತಪ್ಪು ಮಾಡ್ದೆ ಅಮ್ಮಾ?" ಎಂದು ಕೇಳಿದರು. ನನ್ನನ್ನು ಯಾರೆಂದು ತಿಳಿದಿದ್ದರೋ. ಆಮೇಲೆ ನಾನು ಬಚ್ಚಲ ಒಲೆಯ ಮುಂದೆ ಕುಳಿತು ಅತ್ತೆ. ಇಂಥವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಹೋಮಿಗೆ ಸೇರಿಸುವುದೆಂದು ಅಲ್ಲೇ ತೀರ್ಮಾನಿಸಿದೆ. ಅಕ್ಕನಿಗೆ ಆಗ ಅಪಾಯ ಇದ್ದದ್ದು ಬೇರೆಯವರಿಂದಲ್ಲ, ನನ್ನಿಂದಲೇ.

ಸುದ್ದಿ ಹೇಗೆ ಹಬ್ಬಿತೋ, ಅಕ್ಕನ ತಮ್ಮ ರಮೇಶಣ್ಣ ಮೂಡಿಗೆರೆಯಿಂದ ಫೋನ್ ಮಾಡಿದರು. ಒಂದೂವರೆ ವರ್ಷದಲ್ಲಿ ಅದು ಅವರ ಎರಡನೇ ಫೋನ್.

"ಆಶ್ರಮಕ್ಕೆ ಹಾಕ್ತೀರಂತೆ? ಜನ ಎಂತ ಅಂತಾರೆ? ನಮ್ಮ ಕುಟುಂಬದಲ್ಲಿ ಹೀಗೆ ಯಾರೂ ಮಾಡಿಲ್ಲ."

"ಸರಿ ಮಾರಾಯ್ರೇ, ನಾಳೆ ಬೆಳಿಗ್ಗೆ ಜೀಪ್ ತಗೊಂಡು ಬನ್ನಿ. ಬಟ್ಟೆ ಕಟ್ಟಿ ಇಟ್ಟಿರ್ತೀನಿ. ನಿಮ್ಮ ಮನೇಲೇ ಇಟ್ಕೊಳ್ಳಿ."

ಆ ಕಡೆಯಿಂದ ಸಿಗ್ನಲ್ ಇಲ್ಲ ಅಂದರು. ಸಿಗ್ನಲ್ ಚೆನ್ನಾಗಿಯೇ ಇತ್ತು.

ಮೊದಲು ನೋಡಿದ ಹೋಮ್ ಚಿಕ್ಕಮಗಳೂರಿನ ಹೊರಗಿತ್ತು. ನಾನು ಹೋಗಿ ನೋಡಿದ್ದೇನು ಅಂತೀರಿ? ನೆಲದ ಟೈಲ್ಸ್ ನೋಡಿದೆ. ಗೀಸರ್ ನೋಡಿದೆ. ಸಿಸಿಟಿವಿ, ಗುಲಾಬಿ ಗಿಡ, ಆಂಬುಲೆನ್ಸ್ ನೋಡಿದೆ. ಮದುವೆ ಛತ್ರ ಬುಕ್ ಮಾಡಲು ಹೋದವರ ಹಾಗೆ ನೋಡಿದೆ. ಹಾಲಿನಲ್ಲಿ ಹದಿನಾಲ್ಕು ಜನ ಟಿವಿ ಮುಂದೆ ಕುಳಿತಿದ್ದರು. ಬೆಳಿಗ್ಗೆ ಹನ್ನೊಂದು ಗಂಟೆ, ಒಬ್ಬರೂ ಓಡಾಡುತ್ತಿರಲಿಲ್ಲ. ಅದನ್ನೂ ನೋಡಿದೆ. ಎಷ್ಟು ಶಿಸ್ತು ಅಂದುಕೊಂಡೆ.

ಮ್ಯಾನೇಜರ್ ಇಸ್ತ್ರಿ ಮುರಿಯದ ಷರಟಿನವರು. "ನಮ್ಮಲ್ಲಿ ಇಲ್ಲೀತನಕ ಒಬ್ಬರೂ ಬಿದ್ದಿಲ್ಲ ಮೇಡಂ" ಎಂದರು. ಆಮೇಲೆ, "ಎಸ್ಟೇಟಿನವರಾ?" ಎಂದು ಕೇಳಿದರು.

ಹೌದು ಅಂದೆ. ನಾಲ್ಕು ಎಕರೆಗೆ ಎಸ್ಟೇಟು. ಈ ಬೆಟ್ಟದಲ್ಲಿ ನಮ್ಮಂಥ ಚಿಕ್ಕ ತೋಟದವರಿಗೆ ಇರುವ ರೋಗ ಇದು, ಪೇಟೆಗೆ ಇಳಿದ ತಕ್ಷಣ ದೊಡ್ಡ ಪ್ಲಾಂಟರುಗಳ ಹಾಗೆ ಬೆನ್ನು ನೆಟ್ಟಗಾಗುತ್ತದೆ. ಅವರು ಫಾರಂ ಕೊಟ್ಟರು. ನಡಿಗೆ, ಅಭ್ಯಾಸ ಎಂಬ ಜಾಗ ಇತ್ತು. ಈಗ ಎಸ್ಟೇಟಿನವಳು ಅಂದಾಗಿದೆ. ನಮ್ಮನೆ ಹಿರಿಸೊಸೆ ಆಳುಗಳ ಜೊತೆ ಬರಿಗಾಲಲ್ಲಿ ಕಾಫಿ ತಿರುವುತ್ತಿದ್ದರು, ಈಗಲೂ ನೆಲ ಕಂಡಲ್ಲೆಲ್ಲ ಅದನ್ನೇ ಮಾಡುತ್ತಾರೆ ಎಂದು ಹೇಗೆ ಬರೆಯುವುದು? ನಾಚಿಕೆಯಾಯಿತು. ಆಮೇಲೆ ಬರೆದೆ: ಕಾಲು ಎಳೆದು ನಡೆಯುತ್ತಾರೆ. ಬೀಳುವ ಭಯ ಇದೆ.

ಅಕ್ಕನನ್ನು ತಂದು ಬಿಟ್ಟಾಗ, ಹದಿನೈದು ದಿನ ಬರಬೇಡಿ, ಸೆಟ್ಲ್ ಆಗಲಿ ಎಂದರು. ಮನೆಗೆ ಬಂದು ಎರಡು ದಿನ ನಿದ್ದೆ ಮಾಡಿದೆ. ಸುಳ್ಳೇಕೆ ಹೇಳಲಿ, ಸುಖವಾಗಿತ್ತು.

ಒಂಬತ್ತನೇ ದಿನ ಯಜಮಾನರ ಔಷಧಿ ತರಲು ಚಿಕ್ಕಮಗಳೂರಿಗೆ ಹೋದವಳು, ತಡೆಯಲಾಗದೆ ಹೇಳದೇ ಕೇಳದೇ ಅಲ್ಲಿಗೆ ಹೋದೆ.

ಅಕ್ಕನನ್ನು ಕುರ್ಚಿಗೆ ಕಟ್ಟಿದ್ದರು.

ಹಳೆಯ ವೇಲ್ ಒಂದರಿಂದ ಸೊಂಟ ಸುತ್ತಿ ಹಿಂದೆ ಗಂಟು ಹಾಕಿದ್ದರು. ಪಕ್ಕದವರಿಗೂ ಹಾಗೇ. ಮೊದಲೇ ಇದ್ದ ಹದಿನಾಲ್ಕು ಜನಕ್ಕೂ ಹಾಗೇ. ಅವತ್ತು ನಾನು ಶಿಸ್ತು ಅಂದುಕೊಂಡದ್ದು ಈ ಗಂಟುಗಳನ್ನು. ಅಕ್ಕ ಕುಳಿತಲ್ಲೇ ಕಾಲು ಆಡಿಸುತ್ತಿದ್ದರು. ಹಿಂದೆ, ಮುಂದೆ, ಹಿಂದೆ, ಮುಂದೆ. ಆ ನುಣ್ಣನೆ ಟೈಲ್ಸಿನ ಮೇಲೆ ಕಾಫಿ ತಿರುವುತ್ತಿದ್ದರು. ಎರಡೂ ಹಿಮ್ಮಡಿಯ ಚರ್ಮ ಕಿತ್ತು ಹೋಗಿತ್ತು. ಬ್ಯಾಂಡೇಜು ಬಿಚ್ಚಿಕೊಂಡು ನೆಲದಲ್ಲಿ ಎಳೆಯುತ್ತಿತ್ತು.

ನನ್ನ ಬಾಯಿ ಜೋರು. ಅವತ್ತು ಇಡೀ ಕಟ್ಟಡಕ್ಕೆ ಕೇಳಿಸಿತು. ಮ್ಯಾನೇಜರ್ ಓಡಿ ಬಂದು ಸಮಾಧಾನವಾಗಿ ಫೈಲ್ ತೆರೆದರು.

"ನೀವೇ ಬರೆದಿದ್ದೀರಲ್ಲ ಮೇಡಂ. ಬೀಳುವ ಭಯ ಇದೆ ಅಂತ."

ನನ್ನದೇ ಅಕ್ಷರ.

"ಹೌದು ಸ್ವಾಮಿ, ನಾನೇ ಬರೆದೆ" ಅಂದೆ. "ನನಗೆ ಬುದ್ಧಿ ಇರಲಿಲ್ಲ. ನಿಮಗೆ ಕಣ್ಣೂ ಇರಲಿಲ್ವಾ? ಒಂಬತ್ತು ದಿನ ಕಾಲು ಉಜ್ಜಿ ರಕ್ತ ಬಂದ್ರೂ, ಇವರು ಯಾಕೆ ಹೀಗೆ ಮಾಡ್ತಾರೆ ಅಂತ ಒಂದು ಫೋನ್ ಮಾಡಿ ಕೇಳೋಕಾಗಲಿಲ್ವಾ? ಒಬ್ಬರೂ ಬಿದ್ದಿಲ್ಲ ಅಂದ್ರಲ್ಲ. ಕಟ್ಟಿ ಹಾಕಿದವರು ಎಲ್ಲಿಗೆ ಬೀಳ್ತಾರೆ?"

ಅವರು ಪಾಲಿಸಿ ಅಂದರು. ಸೇಫ್ಟಿ ಅಂದರು. ಅಲ್ಲಿನ ಆಯಾ ಒಬ್ಬಳು ತಲೆ ತಗ್ಗಿಸಿಕೊಂಡು ಬಂದು ಗಂಟು ಬಿಚ್ಚಿದಳು. "ಬ್ಯಾಂಡೇಜ್ ದಿನಾ ಹಾಕ್ತೀನಿ ಅಮ್ಮ, ನಿಲ್ಲೋದಿಲ್ಲ. ಇಷ್ಟು ಜನಕ್ಕೆ ನಾನೊಬ್ಬಳೇ" ಎಂದಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ನಾನೊಬ್ಬಳೇ ಎನ್ನುವುದು ಏನೆಂದು ನನಗೆ ಗೊತ್ತಿತ್ತು.

ಅವತ್ತೇ ಮನೆಗೆ ಕರೆದುಕೊಂಡು ಬಂದೆ. ಮರುದಿನ ಹೋಮಿನ ಮೇಲೆ ದೂರು ಬರೆದು ಹಿರಿಯ ನಾಗರಿಕರ ಇಲಾಖೆಯ ಕಚೇರಿಗೆ ಕೊಟ್ಟೆ. ಅಲ್ಲಿನವರು ನೀವು ಪೇಷೆಂಟಿಗೆ ಏನಾಗಬೇಕು ಎಂದು ಕೇಳಿದರು. ವಾರಗಿತ್ತಿ ಅಂದೆ. ರಕ್ತಸಂಬಂಧಿಗಳು ಯಾರೂ ಇಲ್ವಾ ಎಂದರು. ಇದ್ದಾರೆ, ಅವರಿಗೆ ಸಿಗ್ನಲ್ ಸಿಗೋದಿಲ್ಲ ಅಂದೆ. ದೂರಿಗೆ ಇವತ್ತಿನವರೆಗೂ ಉತ್ತರವಿಲ್ಲ. ಪ್ರತಿ ತಿಂಗಳು ಹೋಗಿ ಕೇಳುತ್ತೇನೆ. ಕೇಳುತ್ತಲೇ ಇರುತ್ತೇನೆ.

ಅಕ್ಕನ ಹಿಮ್ಮಡಿ ಮಾಯಲು ಆರು ವಾರ ಬೇಕಾಯಿತು. ಆ ಆರು ವಾರ ಬಚ್ಚಲಲ್ಲಿ ನನ್ನ ಕೈ ಮತ್ತೆ ಮೇಲೇಳದ ಹಾಗೆ ಹಲ್ಲು ಕಚ್ಚಿಕೊಂಡೆ. ಒಮ್ಮೆ ಎದ್ದೇ ಬಿಟ್ಟಿತ್ತು, ಗೋಡೆಗೆ ಹೊಡೆದುಕೊಂಡೆ. ಮನೆಯಲ್ಲಿ ಆಗದು ಎಂಬುದು ಆಗಲೂ ನಿಜವೇ ಆಗಿತ್ತು.

ಎರಡನೆಯ ಹೋಮ್ ಮೂಡಿಗೆರೆ ಕಡೆ, ಹಳೆಯ ಹೆಂಚಿನ ಮನೆ. ನಡೆಸುವವರು ರಿಟೈರಾದ ನರ್ಸ್, ಎಲ್ಲರೂ ಸಿಸ್ಟರ್ ಅನ್ನುತ್ತಾರೆ. ಇರುವುದು ಎಂಟೇ ಜನ. ಈ ಸಲ ಫೋನ್ ಮಾಡದೆ ಹೋದೆ, ಬೆಳಿಗ್ಗೆ ಸ್ನಾನದ ಹೊತ್ತಿಗೇ ಹೋದೆ. ಟೈಲ್ಸ್ ಕಡೆ ನೋಡಲೇ ಇಲ್ಲ, ಇರಲೂ ಇಲ್ಲ. ಕಕ್ಕಸು ನೋಡಿದೆ. ಹಾಸಿಗೆ ಮೂಸಿದೆ. ಒಬ್ಬೊಬ್ಬರ ಸೊಂಟ ನೋಡಿದೆ, ಮಣಿಕಟ್ಟು ನೋಡಿದೆ, ಪಾದ ನೋಡಿದೆ. ಒಬ್ಬ ಅಜ್ಜ ಕೊಡೆ ಹಿಡಿದು ಜಗಲಿಯ ಉದ್ದಕ್ಕೂ ನಡೆಯುತ್ತಿದ್ದರು.

"ಕಟ್ಟಿ ಹಾಕ್ತೀರಾ?" ಎಂದು ಒರಟಾಗಿಯೇ ಕೇಳಿದೆ.

"ಇಲ್ಲ. ಅದಕ್ಕೇ ಬೀಳ್ತಾರೆ" ಎಂದರು ಸಿಸ್ಟರ್. "ಹೋದ ತಿಂಗಳು ಒಬ್ಬರು ಬಿದ್ದು ಕೈ ಮುರ್ಕೊಂಡ್ರು. ಇದು ಗೊತ್ತಿದ್ದೂ ಇಲ್ಲಿ ಬಿಡ್ತೀರಾದ್ರೆ ಬಿಡಿ. ಆಮೇಲೆ ನನ್ನ ಮೇಲೆ ಕೂಗಾಡ್ಬೇಡಿ."

ಇಷ್ಟು ದಿನದಲ್ಲಿ ನನಗೆ ಯಾರೂ ಹೀಗೆ ನಿಜ ಹೇಳಿರಲಿಲ್ಲ. ಬೆಂಚಿನ ಮೇಲೆ ಕುಳಿತೆ. ಅವರು ಫಾರಂ ತರಲಿಲ್ಲ. ಕಾಫಿ ತಂದು ಕೊಟ್ಟು, "ನಿಮ್ಮಕ್ಕ ಇಡೀ ದಿನ ಎಂತ ಮಾಡ್ತಿದ್ರು, ಹುಷಾರಿದ್ದಾಗ?" ಎಂದು ಕೇಳಿದರು.

ಈ ಸಲ ಹೇಳಿದೆ. "ಕಾಲಲ್ಲಿ ಕಾಫಿ ತಿರುವುತ್ತಿದ್ರು ಸಿಸ್ಟರ್. ಆಳುಗಳ ಜೊತೆಗೇ. ನಮ್ಮದು ಎಸ್ಟೇಟ್ ಅಲ್ಲ, ಸಣ್ಣ ತೋಟ. ಈಗಲೂ ಅದನ್ನೇ ಮಾಡ್ತಾರೆ."

"ಹಾಗಾದ್ರೆ ಬರುವಾಗ ಒಂದು ಮೂಟೆ ಚೆರ್ರಿ ಕಾಫಿ ತನ್ನಿ. ಉಳಿದು ಹಾಳಾದದ್ದಾದ್ರೂ ಆದೀತು. ಹಿಂದೆ ಸಿಮೆಂಟಿನ ಅಂಗಳ ಇದೆ."

ಸಿಪ್ಪೆ ಸಹಿತ ಒಣಗಿಸಿದ ಕಾಫಿ ನಮ್ಮಲ್ಲಿ ಒಂದು ಮೂಟೆ ಮುಗ್ಗಿ ಉಳಿದಿತ್ತು. ಅದನ್ನು ಹೇರಿದ ಜೀಪಿನಲ್ಲೇ ಅಕ್ಕನನ್ನೂ ಕರೆದೊಯ್ದೆ.

ಈಗ ನಾಲ್ಕು ತಿಂಗಳು. ಅಕ್ಕ ಒಮ್ಮೆ ಬಿದ್ದಿದ್ದಾರೆ, ಹಣೆಗೆ ಮೂರು ಹೊಲಿಗೆ. ಸಿಸ್ಟರ್ ಅವತ್ತೇ ಫೋನ್ ಮಾಡಿ ಹೇಳಿದರು. ನಾನು ಕೂಗಾಡಲಿಲ್ಲ. ಹೆಸರು, ಊರು, ನಾನು, ಯಾವುದೂ ಅಕ್ಕನ ನೆನಪಲ್ಲಿಲ್ಲ. ಊಟ ಮಾತ್ರ ಚೆನ್ನಾಗಿ ಮಾಡುತ್ತಾರೆ.

ಹೋದ ಭಾನುವಾರ ಕಡುಬು ಕಟ್ಟಿಕೊಂಡು ಹೋದೆ. ಅವರು ಹಿಂದಿನ ಅಂಗಳದಲ್ಲಿದ್ದರು. ಅದೇ ಕಾಫಿ, ತಿರುವಿ ತಿರುವಿ ಸಿಪ್ಪೆ ಪುಡಿಯಾಗಿದೆ. ಬಸ್ಸಿಗೆ ಹೊತ್ತಾಗುತ್ತದೆಂದು ನಾನು ಅವಸರದಲ್ಲಿ ನೇರ ಅವರ ಹತ್ತಿರ ನಡೆದೆ.

"ಯಾರೇ ಅದು?" ಅಕ್ಕ ಅಲ್ಲಿಂದಲೇ ಗದರಿದರು. "ಚಪ್ಪಲಿ ಬಿಡು. ಉಣ್ಣೋ ಅನ್ನದ ಮೇಲೆ ನಡೀತೀಯಾ?"

ಚಪ್ಪಲಿ ಬಿಟ್ಟೆ. ಕಡುಬಿನ ಡಬ್ಬಿ ಕಟ್ಟೆಯ ಮೇಲಿಟ್ಟು, ಅವರ ಪಕ್ಕದ ಸಾಲಿಗೆ ಕಾಲು ಹಾಕಿದೆ. ಮೂವತ್ತೊಂದು ವರ್ಷದಲ್ಲಿ ನಾನು ಕೋಲು ಬಿಟ್ಟು ಕಾಲಲ್ಲಿ ಕಾಫಿ ತಿರುವಿದವಳಲ್ಲ. ಸಾಲು ಸೊಟ್ಟ ಬಂತು. ಅದಕ್ಕೂ ಬೈದರು.