ಸೊಣ್ಣಮ್ಮನ ಕುದುರೆಮೆಂತೆ

ಅಬ್ಬಿಗೆರೆಯಲ್ಲಿ ಆಗ ಹುಲ್ಲು ಕೊಯ್ದವರನ್ನು ಯಾರೂ ಕಳ್ಳರೆನ್ನುತ್ತಿರಲಿಲ್ಲ. ಯಾರ ಬದುವಿನಲ್ಲಿ ಯಾರು ಬೇಕಾದರೂ ಮಡಿಲು ತುಂಬಿಕೊಳ್ಳಬಹುದಿತ್ತು. ಅದೇ ಒಂದು ರಾಗಿ ತೆನೆ ಮುರಿದರೆ ಊರೆಲ್ಲ ಎದ್ದು ನಿಲ್ಲುತ್ತಿತ್ತು. ಈ ರೂಢಿ ಸೊಣ್ಣಮ್ಮನ ಹೊಟ್ಟೆ ಉರಿಸಿದ್ದು ಎಪ್ಪತ್ತೊಂಬತ್ತನೇ ಇಸವಿಯಲ್ಲಿ.

ಅವಳು ಬಾಗಲಗುಂಟೆಯಿಂದ ಬಂದ ಸೊಸೆ. ಗಂಡ ವೆಂಕಟೇಶಪ್ಪ ಪೀಣ್ಯದ ಕಾರ್ಖಾನೆ ಸೇರಿದ ಮೇಲೆ ಹೊಲವೆಲ್ಲ ಇವಳ ತಲೆಗೇ ಬಿತ್ತು. ವರ್ಷ ವರ್ಷ ಬರೀ ರಾಗಿ ಬಿತ್ತಿ ಮಣ್ಣು ಸತ್ವ ಕಳೆದುಕೊಂಡಿತ್ತು. ಮದುವೆಗೆ ಮುಂಚೆ ಅವಳು ಹೆಸರಘಟ್ಟದ ಕಡೆ ಹಸುಗಳ ಫಾರಂ ಒಂದಕ್ಕೆ ಕೂಲಿಗೆ ಹೋಗುತ್ತಿದ್ದಳು. ಅಲ್ಲಿ ಕುದುರೆಮೆಂತೆ ಎಂಬ ಮೇವಿನ ಸೊಪ್ಪು ಬೆಳೆಯುತ್ತಿದ್ದರು. ಕೊಯ್ದಷ್ಟೂ ಚಿಗುರುತ್ತದೆ, ಬೇರು ಬಿಟ್ಟ ಮಣ್ಣನ್ನು ಹಸನು ಮಾಡುತ್ತದೆ. ಎರಡು ವರ್ಷ ಅದು, ಆಮೇಲೆ ಅಲಸಂದೆ ಬೆರೆಸಿದ ಮೇವಿನ ಜೋಳ, ಮತ್ತೆ ರಾಗಿ ಎಂದು ಸೊಣ್ಣಮ್ಮ ನಿಶ್ಚಯಿಸಿದಳು. ಹಸುವಿಗೆ ಮೇವು, ಮನೆಗೆ ಹಾಲು, ಹೊಲಕ್ಕೆ ಗೊಬ್ಬರ. ಇದರಲ್ಲಿ ತಪ್ಪೇನಿತ್ತು ಹೇಳಿ? ಆದರೂ ಮುದ್ದೆಗೆ ರಾಗಿ ಕೊಂಡು ತರುವ ಮನೆಯಾಯಿತಲ್ಲ ಎಂದು ಊರು ಆಡಿಕೊಂಡಿತು. ವೆಂಕಟೇಶಪ್ಪನಿಗೂ ತಲೆ ತಗ್ಗಿತು. ಸಂಕ್ರಾಂತಿಯೊಳಗೆ ಹಾಲು ಹೆಚ್ಚದಿದ್ದರೆ ಎಲ್ಲವನ್ನೂ ಉತ್ತುಹಾಕುತ್ತೇನೆ ಎಂದುಬಿಟ್ಟ.

ಸೊಪ್ಪು ಮೊಣಕಾಲುದ್ದ ಬಂತು. ಬಂದದ್ದೇ ತಡ, ನಕ್ಕವರೇ ಕುಡುಗೋಲು ಹಿಡಿದು ಹೊಲಕ್ಕಿಳಿದರು! ಬೆಳಿಗ್ಗೆ ಹೋದರೆ ಒಂದು ಮೂಲೆ ಬೋಳು, ಸಂಜೆ ಹೋದರೆ ಇನ್ನೊಂದು. ಇವಳ ಹಸುಗಳು ಒಣಹುಲ್ಲು ಅಗಿಯುತ್ತಿದ್ದರೆ ಕಂಡವರ ಹಸುಗಳ ಕೆಚ್ಚಲು ತುಂಬುತ್ತಿತ್ತು. ಒಂದು ದಿನ ದೊಡ್ಡ ಹೊರೆ ಹೊತ್ತು ಹೋಗುತ್ತಿದ್ದ ದ್ರೌಪದಮ್ಮನೇ ಎದುರು ಸಿಕ್ಕಳು. ಅವಳು ಚಿಕ್ಕಮುನಿಯಪ್ಪನ ಸೊಸೆ. ಚಿಕ್ಕಮುನಿಯಪ್ಪ ವೆಂಕಟೇಶಪ್ಪನ ದೊಡ್ಡಪ್ಪ, ಊರಿಗೆಲ್ಲ ನ್ಯಾಯ ಹೇಳುವ ಹಿರಿಯ. ಸೊಣ್ಣಮ್ಮ ನೇರ ಅವನ ಜಗಲಿಗೇ ಹೋಗಿ ದೂರು ಹೇಳಿದಳು.

ಅವನು ಎಲೆಗೆ ಸುಣ್ಣ ಸವರುತ್ತ ನಕ್ಕ. "ಉಲ್ಲು ಕಣಮ್ಮ ಅದು. ಉಲ್ಲು ಕುಯ್ದೋರ್ನ ಕಳ್ರು ಅಂತಾರಾ?"

"ತಾನಾಗಿ ಉಟ್ಟಿದ್ದಲ್ಲ ಮಾವ. ನಾನು ಬಿತ್ತಿದ್ದು, ನಾನು ನೀರು ಕಟ್ಟಿದ್ದು."

ಮುದುಕ ಕೇಳಿಸದವನಂತೆ ಎಲೆ ಮಡಿಚಿ ಬಾಯಿಗಿಟ್ಟುಕೊಂಡ. ಬಾವಿಯಿಂದ ನೀರು ಸೇದಿ ಸೇದಿ ಅವಳ ಅಂಗೈ ಕಿತ್ತುಬಂದಿತ್ತು, ಇವರ ಬಾಯಲ್ಲಿ ಅದು ಬದುವಿನ ಗರಿಕೆ! ಹಿರಿಯನಂತೆ, ನ್ಯಾಯವಂತೆ!

ರಾಗಿ ಕೊಯ್ಲು, ಒಕ್ಕಣೆ ಮುಗಿದು ಚಿಕ್ಕಮುನಿಯಪ್ಪನ ಹಿತ್ತಲಲ್ಲಿ ಹುಲ್ಲಿನ ಬಣವೆ ಎದ್ದಿತು. ಸಂಕ್ರಾಂತಿ ಹತ್ತಿರ ಬಂದಿತ್ತು, ಹಾಲು ಮಾತ್ರ ಹೆಚ್ಚಿರಲಿಲ್ಲ. ಒಂದು ಬೆಳಿಗ್ಗೆ, ಹೊತ್ತು ಚೆನ್ನಾಗಿ ಏರಿದ ಮೇಲೆ, ಸೊಣ್ಣಮ್ಮ ಹಗ್ಗ ಹಿಡಿದು ಹೋಗಿ ಆ ಬಣವೆಯಿಂದ ಹುಲ್ಲು ಸೆಳೆದಳು. ಹೊರೆ ಕಟ್ಟಿ ತಲೆಯ ಮೇಲಿಟ್ಟುಕೊಂಡು ಜಗಲಿಯ ಮುಂದೆಯೇ ಹೊರಟಳು.

ಮುದುಕ ಪಂಚೆ ಎತ್ತಿಕಟ್ಟಿ ಅಡ್ಡ ಬಂದ. ಕಳ್ಳಿ, ಮನೆಹಾಳಿ ಎಂದು ಬೀದಿಗೆ ಕೇಳುವಂತೆ ಕೂಗಾಡಿದ. ಜನ ಸೇರಿತು.

"ಉಲ್ಲು ಮಾವ ಇದು," ಎಂದಳು ಸೊಣ್ಣಮ್ಮ. "ಕಳ್ತನ ಅನ್ನಿ, ಇಲ್ಲೇ ಇಳಿಸ್ತೀನಿ. ಆದ್ರೆ ನಮ್ಮೊಲದಲ್ಲಿ ಕುಯ್ದಿದ್ದನ್ನೂ ಕಳ್ತನ ಅನ್ನಿ."

ಚಿಕ್ಕಮುನಿಯಪ್ಪ ಸುತ್ತ ನಿಂತವರನ್ನು ನೋಡಿದ. ಊರಲ್ಲಿ ಎಲ್ಲರ ಹಿತ್ತಲಲ್ಲೂ ಬಣವೆ ಇತ್ತು. ಹುಲ್ಲು ಒಯ್ಯುವುದು ಕಳ್ಳತನವಲ್ಲ ಎಂದರೆ ನಾಳೆ ಯಾರ ಬಣವೆಯೂ ಉಳಿಯುತ್ತಿರಲಿಲ್ಲ.

"ಇಳ್ಸಮ್ಮ," ಎಂದ ಕೊನೆಗೆ, ನೆಲ ನೋಡುತ್ತ. "ಎರಡೂ ಕಳ್ತನಾನೇ."

ಸೊಣ್ಣಮ್ಮ ಹೊರೆಯನ್ನು ಅವನ ಜಗಲಿಯ ಮೇಲೆ ಇಳಿಸಿದಳು. ಯಾರನ್ನೂ ಕೇಳದೆ ಅವನ ಕೊಟ್ಟಿಗೆಗೆ ಹೋದಳು. ದ್ರೌಪದಮ್ಮ ಬೆಳಿಗ್ಗೆಯಷ್ಟೇ ಕೊಯ್ದು ತಂದ ಕುದುರೆಮೆಂತೆಯನ್ನು ಹಸುಗಳ ಮುಂದಿನಿಂದ ಬಾಚಿ, ಅದೇ ಹಗ್ಗದಲ್ಲಿ ಕಟ್ಟಿ, ಊರೆಲ್ಲ ನೋಡುತ್ತಿರುವಾಗಲೇ ಮನೆಗೆ ಹೊತ್ತು ತಂದಳು. ಆಮೇಲೆ ಅವಳ ಹೊಲಕ್ಕೆ ಬೇರೆಯವರ ಕುಡುಗೋಲು ಇಳಿಯಲಿಲ್ಲ, ಹಾಲೂ ಏರಿತು. ಆ ಸಂಕ್ರಾಂತಿಗೆ ವೆಂಕಟೇಶಪ್ಪ ನೇಗಿಲು ಮುಟ್ಟಲಿಲ್ಲ.